ಮೊದಲು ತಟ್ಟೆ, ಆಮೇಲೆ ಗಡಿಯಾರ

ಮಧ್ಯಂತರ ಉಪವಾಸ ಮಾಡಿ ತೂಕ ಇಳಿಸಲು ಹೊರಡುವವರು ಮೊದಲು ಹಿಡಿಯುವುದು ಗಡಿಯಾರವನ್ನು. ಹದಿನಾರು ಗಂಟೆ ಉಪವಾಸ, ಎಂಟು ಗಂಟೆಯೊಳಗೆ ಊಟ ಎಂದು ಸೋಮವಾರ ಶುರು ಮಾಡುತ್ತಾರೆ. ಬುಧವಾರ ಬೆಳಿಗ್ಗೆ ಹತ್ತಕ್ಕೆ ಕೈ ನಡುಗಿ, ತಲೆ ಸಿಡಿದು, ಪಕ್ಕದ ಬೇಕರಿಯ ಬನ್ನು ತಿಂದು ಅಲ್ಲಿಗೇ ಕೈಬಿಡುತ್ತಾರೆ. ಹಾಸನದ ನನ್ನ ಹೊಲಿಗೆ ಅಂಗಡಿಗೆ ಬರುವ ಹೆಂಗಸರಲ್ಲಿ ಇದನ್ನು ಎಷ್ಟೋ ಸಲ ನೋಡಿದ್ದೇನೆ. ನಾನು ಹೇಳುವ ಕ್ರಮವೇ ಬೇರೆ. ಮೊದಲ ಎರಡು ಮೂರು ವಾರ ಗಡಿಯಾರದ ತಂಟೆಗೆ ಹೋಗಬೇಡಿ. ತಟ್ಟೆಯಲ್ಲಿ ಅನ್ನ, ಮುದ್ದೆ, ರೊಟ್ಟಿ, ಸಕ್ಕರೆಯನ್ನು ಇಳಿಸಿ. ಹಸಿವಿನ ಆರ್ಭಟ ತಗ್ಗಿದ ಮೇಲೆ ಊಟಗಳ ನಡುವಿನ ಅಂತರವನ್ನು ಹಿಗ್ಗಿಸಿ. ಹೊಟ್ಟೆ ತುಂಬ ಅನ್ನ ಉಂಡು ಮಲಗಿದವರಿಗೆ ಬೆಳಗಿನ ಉಪವಾಸ ಶಿಕ್ಷೆಯಾಗುತ್ತದೆ. ರಾತ್ರಿ ಮೊಟ್ಟೆ, ಸೊಪ್ಪು, ಕೋಳಿ ಸಾರಿನಲ್ಲಿ ಮುಗಿಸಿದವರಿಗೆ ಬೆಳಿಗ್ಗೆ ಹತ್ತು ಗಂಟೆ ಆದದ್ದೇ ಗೊತ್ತಾಗುವುದಿಲ್ಲ.

ಮುಂದೆ ಓದುವ ಮೊದಲು ಒಂದು ವಿಷಯ, ಇದನ್ನು ದಯವಿಟ್ಟು ಹಾರಿಸಬೇಡಿ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಚುಚ್ಚಿಕೊಳ್ಳುವವರು, ಗ್ಲಿಮೆಪಿರೈಡ್ ಜಾತಿಯ ಮಾತ್ರೆ ನುಂಗುವವರು ತಾವಾಗಿಯೇ ಇದನ್ನು ಶುರು ಮಾಡಬಾರದು. ಊಟ ಇಳಿದು ಔಷಧಿಯ ಪ್ರಮಾಣ ಮಾತ್ರ ಹಾಗೆಯೇ ಉಳಿದರೆ ರಕ್ತದಲ್ಲಿ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯುತ್ತದೆ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಎಂಬ ಸಕ್ಕರೆ ಕಾಯಿಲೆಯ ಮಾತ್ರೆಗಳಿವೆಯಲ್ಲ, ಅವುಗಳ ಜೊತೆ ಪಿಷ್ಟವನ್ನು, ಅಂದರೆ ಅನ್ನ, ಮುದ್ದೆ, ಸಕ್ಕರೆಯಲ್ಲಿರುವ ಕಾರ್ಬೋಹೈಡ್ರೇಟನ್ನು, ತೀರಾ ಇಳಿಸಿ ಉಪವಾಸವೂ ಇದ್ದರೆ ರಕ್ತ ಆಮ್ಲೀಯವಾಗುವ ಅಪಾಯವಿದೆ. ಅದೂ ಗ್ಲುಕೋಮೀಟರ್‌ನಲ್ಲಿ ಸಕ್ಕರೆ ಸರಿಯಾಗಿಯೇ ಕಾಣಿಸುತ್ತಿರುವಾಗ. ರಕ್ತದೊತ್ತಡದ ಮಾತ್ರೆಯವರಿಗೆ ತೂಕ ಇಳಿದಂತೆ ಒತ್ತಡ ಅತಿಯಾಗಿ ಇಳಿಯಬಹುದು. ಇವರೆಲ್ಲ ತಮ್ಮ ವೈದ್ಯರಿಗೆ ಮಾತ್ರೆಯ ಚೀಟಿ ತೋರಿಸಿ, ಪ್ರಮಾಣ ಬದಲಿಸಿಕೊಂಡು ಹೊರಡಬೇಕು. ಗರ್ಭಿಣಿಯರು, ಬಾಣಂತಿಯರು, ಹದಿನೆಂಟು ತುಂಬದ ಮಕ್ಕಳು, ಮೂತ್ರಪಿಂಡದ ತೊಂದರೆ ಇರುವವರು, ಹಿಂದೆ ಊಟ ಬಿಟ್ಟು ಸೊರಗಿ ಚಿಕಿತ್ಸೆ ಪಡೆದವರು ಇದರ ಗೊಡವೆಗೆ ಹೋಗಬಾರದು. ನನಗೆ ಯಾವ ಕಾಯಿಲೆಯೂ ಇಲ್ಲ ಎನ್ನುವವರೂ ಒಮ್ಮೆ ರಕ್ತ ಪರೀಕ್ಷೆ ಮಾಡಿಸಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆ 2023ರಲ್ಲಿ ಪ್ರಕಟವಾದಾಗ ದೇಶದಲ್ಲಿ ಮಧುಮೇಹಿಗಳ ಸಂಖ್ಯೆ 10.1 ಕೋಟಿ ಎಂದಿತ್ತು. ಅದರ ಹೊಸ್ತಿಲಲ್ಲಿ ನಿಂತವರು ಇನ್ನೂ 13.6 ಕೋಟಿ.

ನಾನು ಹೊಲಿಗೆಯವಳು, ಹಾಗಾಗಿ ತೂಕದ ಯಂತ್ರಕ್ಕಿಂತ ಟೇಪನ್ನು ಹೆಚ್ಚು ನಂಬುತ್ತೇನೆ. ಹಾಗೆ ನಂಬಲು ಕಾರಣವೂ ಇದೆ. ಭಾರತೀಯರಿಗೆ ಕೊಬ್ಬು ಮೊದಲು ಕೂರುವುದು ಹೊಟ್ಟೆಯ ಸುತ್ತ. ವೈದ್ಯರು ನಮಗೆ ಇಟ್ಟಿರುವ ಮಿತಿ ಹೆಂಗಸರಿಗೆ 80 ಸೆಂಟಿಮೀಟರ್, ಗಂಡಸರಿಗೆ 90; ಇಂಚಿನಲ್ಲಿ ಸುಮಾರು 31.5 ಮತ್ತು 35.5. ಅಳತೆ ತೆಗೆಯುವಾಗ ಲಂಗದ ಲಾಡಿ ಕಟ್ಟುವ ಜಾಗ ಹಿಡಿಯಬೇಡಿ, ಅದು ಒಬ್ಬೊಬ್ಬರದು ಒಂದೊಂದು ಕಡೆ ಇರುತ್ತದೆ. ಪಕ್ಕೆಲುಬಿನ ಕೊನೆಯ ಮೂಳೆ, ಸೊಂಟದ ಮೂಳೆಯ ಮೇಲಂಚು, ಇವೆರಡನ್ನೂ ಬೆರಳಿನಲ್ಲಿ ಒತ್ತಿ ಗುರುತಿಸಿ, ಅವುಗಳ ನಟ್ಟನಡುವೆ ಟೇಪು ಸುತ್ತಿ. ಬಟ್ಟೆಯ ಮೇಲಲ್ಲ, ಮೈಮೇಲೆ. ಉಸಿರು ಹೊರಬಿಟ್ಟು, ಹೊಟ್ಟೆಯನ್ನು ಒಳಗೆ ಎಳೆದುಕೊಳ್ಳದೆ, ಟೇಪು ಚರ್ಮಕ್ಕೆ ಒತ್ತದಂತೆ ಓದಿಕೊಳ್ಳಿ. ಎರಡು ವಾರಕ್ಕೊಮ್ಮೆ, ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಅಳೆದರೆ ಸಾಕು. ನನ್ನ ಸೊಂಟ 38 ಇಂಚಿನಿಂದ 33ಕ್ಕೆ ಬಂದಿದೆ. ನಡುವೆ ತೂಕದ ಮುಳ್ಳು ಅಲ್ಲಾಡದೆ ನಿಂತ ವಾರಗಳಲ್ಲೂ ಟೇಪು ಇಳಿಯುತ್ತಲೇ ಇತ್ತು.

ಈಗ ತಟ್ಟೆಗೆ ಬರೋಣ. ನಮ್ಮ ಕಡೆಯ ಒಂದು ಸಾಮಾನ್ಯ ದಿನವನ್ನು ಕೂಡಿ ನೋಡಿ. ಬೆಳಿಗ್ಗೆ ಎರಡು ಅಕ್ಕಿರೊಟ್ಟಿ, ನೂರು ಗ್ರಾಂ ಹಿಟ್ಟು ಎಂದುಕೊಂಡರೆ ಕಾರ್ಬೋಹೈಡ್ರೇಟ್ 78 ಗ್ರಾಂ. ದಿನಕ್ಕೆ ಮೂರು ಕಾಫಿ, ಒಂದೊಂದಕ್ಕೆ ಎರಡು ಚಮಚ ಸಕ್ಕರೆ, ಅರ್ಧ ಲೋಟ ಹಾಲು, ಎಲ್ಲ ಸೇರಿ 45. ಮಧ್ಯಾಹ್ನ ಒಂದು ಮುದ್ದೆಗೆ ಮತ್ತೆ ನೂರು ಗ್ರಾಂ ಹಿಟ್ಟು, 67. ಮುದ್ದೆಯ ಮೇಲೆ ಒಂದು ತಟ್ಟೆ ಅನ್ನ, 56. ಸಾರಿನ ಕಾಳಿನಲ್ಲಿ ಹದಿನೈದು, ಸಂಜೆಯ ಬಿಸ್ಕತ್ತಿನಲ್ಲಿ ಇಪ್ಪತ್ತು, ರಾತ್ರಿ ಮತ್ತೆ ಅನ್ನ. 330 ಗ್ರಾಂ ದಾಟಿತು. ಗದ್ದೆಯಲ್ಲಿ ನಾಟಿ ಹಾಕುವವರಿಗೆ, ತೋಟದಲ್ಲಿ ಮರಗಸಿ ಮಾಡುವವರಿಗೆ ಇದು ಕರಗೀತು. ದಿನವಿಡೀ ಹೊಲಿಗೆ ಯಂತ್ರದ ಮುಂದೆ ಕೂರುವ ನನಗೆ, ಕಚೇರಿಯ ಕುರ್ಚಿಯಲ್ಲಿ ಕೂರುವ ನಿಮಗೆ ಎಲ್ಲಿ ಕರಗಬೇಕು?

ದಿನಕ್ಕೆ 130 ಗ್ರಾಂಗಿಂತ ಕೆಳಗಿದ್ದರೆ ಅದನ್ನು ಕಡಿಮೆ ಕಾರ್ಬೋಹೈಡ್ರೇಟಿನ ಊಟ ಎನ್ನುತ್ತಾರೆ. 50ಕ್ಕಿಂತ ಕೆಳಗಿಳಿದರೆ ಕೀಟೋ. ಮನೆಮಂದಿಗೆಲ್ಲ ಅಡುಗೆ ಮಾಡಿ ಹಾಕುವ ಹೆಂಗಸು ಕೀಟೋ ಹಿಡಿಯುವುದು ನನಗೆ ಸರಿ ಕಾಣುವುದಿಲ್ಲ. ಅದು ನಿಲ್ಲುವ ದಾರಿಯಲ್ಲ. ನೂರರಿಂದ ನೂರಿಪ್ಪತ್ತರ ನಡುವೆ ನಿಂತರೆ ತೂಕವೂ ಇಳಿಯುತ್ತದೆ, ಮನೆಯ ಪಾತ್ರೆಯಲ್ಲೇ ಊಟವೂ ಆಗುತ್ತದೆ.

ರಾಗಿ ಒಳ್ಳೆಯದಲ್ಲವೇ ಎಂದು ಎಲ್ಲರೂ ಕೇಳುತ್ತಾರೆ. ಒಳ್ಳೆಯದೇ. ನೂರು ಗ್ರಾಂ ರಾಗಿಯಲ್ಲಿ 360 ಮಿಲಿಗ್ರಾಂಗೂ ಮೇಲೆ ಸುಣ್ಣದ ಅಂಶವಿದೆ, 11 ಗ್ರಾಂ ನಾರಿದೆ. ಅಕ್ಕಿ ಅದರ ಹತ್ತಿರಕ್ಕೂ ಬರುವುದಿಲ್ಲ. ಆದರೂ ಪಿಷ್ಟ ಪಿಷ್ಟವೇ. ಆದ್ದರಿಂದ ಮುದ್ದೆ ಬಿಡಿ ಎಂದು ನಾನು ಯಾರಿಗೂ ಹೇಳುವುದಿಲ್ಲ, ಚಿಕ್ಕದು ಮಾಡಿ ಎನ್ನುತ್ತೇನೆ. ನಾಲ್ಕು ದಿನ ಹಿಟ್ಟನ್ನು ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ. 40 ಗ್ರಾಂ ಹಿಟ್ಟಿನ ಮುದ್ದೆ ಒಂದು ಚಿಕ್ಕ ಕಿತ್ತಳೆಯಷ್ಟಾಗುತ್ತದೆ, ಅದರಲ್ಲಿ ಪಿಷ್ಟ 27 ಗ್ರಾಂ. ಕೈಗೆ ಆ ಗಾತ್ರ ಕೂತ ಮೇಲೆ ತಕ್ಕಡಿಯನ್ನು ಅಟ್ಟಕ್ಕೆ ಹಾಕಿ.

ನಮ್ಮ ಸೀಮೆಯಲ್ಲಿ ಈ ಪಥ್ಯಕ್ಕೆಂದೇ ಹುಟ್ಟಿದಂತಿರುವ ಅಡುಗೆ ಬಸ್ಸಾರು. ಹುರುಳಿಕಾಳನ್ನು ಹಿಂದಿನ ದಿನ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಸಣ್ಣ ಮೊಳಕೆ ಬರಿಸಿ. ಕಾಳು ಮುಕ್ಕಾಲು ಬೆಂದಾಗ ದಂಟಿನ ಸೊಪ್ಪನ್ನೋ ಬೆರಕೆ ಸೊಪ್ಪನ್ನೋ ಕೊಚ್ಚಿ ಹಾಕಿ, ಬೆಂದ ಮೇಲೆ ಕಟ್ಟನ್ನು ಬಸಿದುಕೊಳ್ಳಿ. ಬಾಣಲೆಯಲ್ಲಿ ಹುರಿದ ಒಣಮೆಣಸಿನಕಾಯಿ, ಜೀರಿಗೆ, ಈರುಳ್ಳಿ, ಬೆಳ್ಳುಳ್ಳಿಗೆ ಕಾಯಿತುರಿ, ಹುಣಸೆ ಮತ್ತು ಬೆಂದ ಕಾಳು ಸೊಪ್ಪಿನ ಒಂದು ಹಿಡಿ ಸೇರಿಸಿ ರುಬ್ಬಿ, ಕಟ್ಟಿಗೆ ಹಾಕಿ ಕುದಿಸಿದರೆ ಸಾರು. ಉಳಿದ ಕಾಳು ಸೊಪ್ಪಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ಮನೆಯವರ ತಟ್ಟೆಯಲ್ಲಿ ಮುದ್ದೆ ನಡುವೆ ಕೂತು ಪಲ್ಯ ಅಂಚಿಗೆ ಸರಿಯುತ್ತದೆ. ನನ್ನ ತಟ್ಟೆಯಲ್ಲಿ ಪಲ್ಯ ನಡುವೆ, ಮೂರು ಸೌಟು, ಮುದ್ದೆ ಅಂಚಿಗೆ. ಜೊತೆಗೆ ಒಂದು ಬೇಯಿಸಿದ ಮೊಟ್ಟೆ. ಅದೇ ಪಾತ್ರೆ, ಅದೇ ಸಾರು, ಪ್ರಮಾಣ ಮಾತ್ರ ಅದಲು ಬದಲು. ಊಟಕ್ಕೆ ಕೂತಾಗ ಮೊದಲು ಪಲ್ಯ ಮತ್ತು ಮೊಟ್ಟೆ, ಕೊನೆಗೆ ಮುದ್ದೆ. ಪಿಷ್ಟವನ್ನು ಕೊನೆಯಲ್ಲಿ ತಿಂದರೆ ಊಟದ ನಂತರ ರಕ್ತದ ಸಕ್ಕರೆ ಅಷ್ಟು ಜೋರಾಗಿ ಏರುವುದಿಲ್ಲ.

ಎರಡು ಅಡುಗೆ ಮಾಡಬೇಡಿ ಎಂದು ನಾನು ಒತ್ತಿ ಹೇಳುವುದು ಇದಕ್ಕೇ. ತನಗೊಂದು, ಮನೆಯವರಿಗೊಂದು ಒಲೆ ಹಚ್ಚಿದ ಹೆಂಗಸು ತಿಂಗಳು ಕಳೆಯುವುದರೊಳಗೆ ಸುಸ್ತಾಗಿ ತನ್ನದನ್ನು ಬಿಡುತ್ತಾಳೆ, ಮನೆಯವರದನ್ನು ಬಿಡುವಂತಿಲ್ಲವಲ್ಲ. ಹಿರಿಯರ ಮನಸ್ಸನ್ನೂ ನೋಡಬೇಕು. ನಮ್ಮ ಅತ್ತೆಯವರು ನನ್ನ ತಟ್ಟೆಯ ಸಣ್ಣ ಮುದ್ದೆ ಕಂಡು, "ಈ ಮನೆಯಲ್ಲಿ ಹಿಟ್ಟಿಗೇನು ಬರ ಬಂದಿದೆಯಾ ತಾಯಿ?" ಎಂದು ನೊಂದುಕೊಂಡರು. ಅಂದಿನಿಂದ ಪಲ್ಯವನ್ನು ಅವರ ಕೈಯಲ್ಲೇ ಬಡಿಸಿಕೊಳ್ಳುತ್ತೇನೆ. ಸಾಕು ಸಾಕು ಎನ್ನುವಷ್ಟು ಹಾಕುತ್ತಾರೆ, ಅವರಿಗೂ ಸಮಾಧಾನ.

ಪಿಷ್ಟ ಇಳಿಸಿದ ಜಾಗಕ್ಕೆ ಪ್ರೋಟೀನ್ ಬರಲೇಬೇಕು, ಇಲ್ಲದಿದ್ದರೆ ಕೊಬ್ಬಿನ ಜೊತೆ ಮಾಂಸಖಂಡವೂ ಕರಗುತ್ತದೆ. ಅರವತ್ತು ಕಿಲೋ ತೂಕದವರಿಗೆ ದಿನಕ್ಕೆ ಅರವತ್ತರಿಂದ ಎಪ್ಪತ್ತು ಗ್ರಾಂ ಎಂದಿಟ್ಟುಕೊಳ್ಳಿ. ಎರಡು ಮೊಟ್ಟೆಯಲ್ಲಿ 12 ಗ್ರಾಂ, ನೂರು ಗ್ರಾಂ ಪನೀರಿನಲ್ಲಿ ಸುಮಾರು 18, ಒಂದು ಹಿಡಿ ಕಡಲೆಕಾಯಿ ಬೀಜದಲ್ಲಿ 7, ಮೂವತ್ತು ಗ್ರಾಂ ಒಣ ಸೋಯಾ ಚಂಕ್ಸ್‌ನಲ್ಲಿ 15. ಕೋಳಿ, ಮೀನು ತಿನ್ನುವವರಿಗೆ ಕಷ್ಟವಿಲ್ಲ. ಸಸ್ಯಾಹಾರಿಗಳು ಮೊಸರು, ಪನೀರ್, ಸೋಯಾ, ಕಾಳು ಎಲ್ಲವನ್ನೂ ಸೇರಿಸಿಕೊಂಡರೆ ಮಾತ್ರ ಲೆಕ್ಕ ಮುಟ್ಟುತ್ತದೆ. ಬೇಳೆಸಾರಿನ ತಿಳಿಯನ್ನು ನಂಬಿ ಕೂರಬೇಡಿ. ತರಕಾರಿಯಲ್ಲಿ ಹೀರೆ, ಸೋರೆ, ಪಡವಲ, ಬದನೆ, ಬೆಂಡೆ, ಮೂಲಂಗಿ, ಸೀಮೆಬದನೆ, ಎಲೆಕೋಸು ಎಷ್ಟಾದರೂ ಆಗಲಿ. ಆಲೂಗಡ್ಡೆ ಮಾತ್ರ ಅನ್ನದ ಲೆಕ್ಕಕ್ಕೆ ಸೇರಬೇಕು. ಹಾಸನದವರಿಗೆ ಇದು ಸಂಕಟದ ಮಾತು, ಗೊತ್ತಿದೆ. ಆಲೂಗಡ್ಡೆ ಪಲ್ಯ ಮಾಡಿದ ದಿನ ಮುದ್ದೆ ಬೇಡ, ಅಷ್ಟೇ.

ನನ್ನ ತವರು ಮೂಡಿಗೆರೆ ಕಡೆ. ಅಲ್ಲಿಗೆ ಹೋದರೆ ಕಡುಬು, ಅಕ್ಕಿರೊಟ್ಟಿ, ಬೆಲ್ಲದ ಕಾಫಿ, ಎಲ್ಲವೂ ಪಿಷ್ಟವೇ. ಆದರೆ ಅದೇ ಮಲೆನಾಡಿನ ಮಳೆಗಾಲದಲ್ಲಿ ಕಳಲೆ (ಎಳೆ ಬಿದಿರು) ಇದೆ, ಅಣಬೆ ಇದೆ, ಏಡಿ ಸಾರಿದೆ, ತೋಟದ ನೆರಳಲ್ಲಿ ಬೆಳೆದ ಬೆಣ್ಣೆಹಣ್ಣಿದೆ. ಬೆಣ್ಣೆಹಣ್ಣನ್ನು ಸಕ್ಕರೆ, ಹಾಲು ಹಾಕಿ ಕಡೆದು ಕುಡಿಯುವುದು ನಮ್ಮವರ ರೂಢಿ. ಅದನ್ನು ಬಿಟ್ಟು ಈರುಳ್ಳಿ, ಹಸಿಮೆಣಸಿನಕಾಯಿ, ನಿಂಬೆರಸ, ಉಪ್ಪು ಕಲಸಿ ಎರಡು ಮೊಟ್ಟೆಯ ಜೊತೆ ತಿಂದು ನೋಡಿ. ಮಧ್ಯಾಹ್ನದವರೆಗೆ ಹೊಟ್ಟೆ ಸುಮ್ಮನಿರುತ್ತದೆ. ಕಳಲೆಯನ್ನು ಹೆಚ್ಚಿ, ದಿನವೂ ನೀರು ಬದಲಿಸುತ್ತಾ ಎರಡು ಮೂರು ದಿನ ನೆನೆಸಿ, ಬೇಯಿಸಿದ ನೀರು ಚೆಲ್ಲಿಯೇ ಬಳಸಬೇಕು. ಹಸಿ ಕಳಲೆಯಲ್ಲಿ ಸಯನೈಡ್ ಹುಟ್ಟಿಸುವ ಅಂಶವಿರುತ್ತದೆ. ಅಣಬೆಯನ್ನು ಗುರುತು ಬಲ್ಲವರು ತಂದದ್ದಾದರೆ ಮಾತ್ರ ಮುಟ್ಟಿ.

ಹೀಗೆ ಎರಡು ಮೂರು ವಾರ ಕಳೆದ ಮೇಲೆ ಗಡಿಯಾರ. ಮೊದಲು ಊಟಗಳ ನಡುವಿನ ಬಾಯಾಡಿಸುವುದು ನಿಲ್ಲಲಿ. ಆಮೇಲೆ ರಾತ್ರಿ ಎಂಟಕ್ಕೆ ಊಟ ಮುಗಿಸಿ ಬೆಳಿಗ್ಗೆ ಎಂಟರವರೆಗೆ ಏನೂ ತಿನ್ನದಿರಿ, ಹನ್ನೆರಡು ಗಂಟೆಯಾಯಿತು. ಇದು ಸಲೀಸಾದ ಮೇಲೆ ರಾತ್ರಿಯೂಟವನ್ನು ಏಳಕ್ಕೆ ಎಳೆದುಕೊಳ್ಳಿ, ಬೆಳಗಿನದನ್ನು ಒಂಬತ್ತಕ್ಕೆ ಸರಿಸಿ; ಹದಿನಾಲ್ಕು. ಅಷ್ಟರಲ್ಲೇ ಟೇಪು ಇಳಿಯುತ್ತಿದ್ದರೆ ಅಲ್ಲೇ ಇರಿ. ಹದಿನಾರು ಬೇಕೆನ್ನುವವರು ಬೆಳಗಿನ ಊಟವನ್ನು ಹನ್ನೊಂದಕ್ಕೆ ಒಯ್ಯಬಹುದು. ನಾನು ಹೆಚ್ಚಿನ ದಿನ ಹದಿನಾಲ್ಕರಲ್ಲಿರುತ್ತೇನೆ, ಕೆಲಸ ಹಗುರವಿದ್ದ ದಿನ ಹದಿನಾರು.

ಬೆಳಗಿನದನ್ನು ಬಿಡುವುದಕ್ಕಿಂತ ರಾತ್ರಿಯದನ್ನು ಬೇಗ ಮುಗಿಸುವುದು ಮೇಲು ಎನ್ನುವುದು ನನ್ನ ಖಚಿತ ಅಭಿಪ್ರಾಯ. ಸಂಜೆಯಾದಂತೆ ದೇಹ ಸಕ್ಕರೆಯನ್ನು ಸಂಭಾಳಿಸುವ ಶಕ್ತಿ ತಗ್ಗುತ್ತದೆ. ಅದೇ ಅನ್ನ ಬೆಳಿಗ್ಗೆ ಉಂಡಾಗ ಏರಿಸುವುದಕ್ಕಿಂತ ರಾತ್ರಿ ಹೆಚ್ಚು ಏರಿಸುತ್ತದೆ. ಶ್ರವಣಬೆಳಗೊಳದ ಕಡೆಯಿಂದ ನನ್ನಲ್ಲಿ ರವಿಕೆ ಹೊಲಿಸುವ ಜೈನ ಮನೆತನದ ಅಮ್ಮನೊಬ್ಬರಿದ್ದಾರೆ. ಸೂರ್ಯ ಮುಳುಗುವ ಮುನ್ನ ಊಟ ಮುಗಿಸುವುದು ಅವರಿಗೆ ವ್ರತ. ಮದುವೆ ಮನೆಗೆ ಹೋದರೂ ಹೊತ್ತು ನೋಡಿಕೊಂಡೇ ಉಣ್ಣುತ್ತಾರೆ. ಬೇಗ ಉಣ್ಣುವುದು ನಮ್ಮ ಜಿಲ್ಲೆಗೆ ಹೊಸದಲ್ಲ. ಗೌರಿ ಹಬ್ಬದಿಂದ ದೀಪಾವಳಿಯವರೆಗೆ ನನ್ನ ಅಂಗಡಿಯ ದೀಪ ರಾತ್ರಿ ಹತ್ತಕ್ಕೂ ಆರುವುದಿಲ್ಲ. ಆ ದಿನಗಳಲ್ಲಿ ಡಬ್ಬಿ ತಂದುಕೊಂಡು ಏಳಕ್ಕೇ ಅಲ್ಲೇ ತಿನ್ನುತ್ತೇನೆ. ಮನೆಗೆ ಹೋದ ಮೇಲೆ ನೀರು ಮಾತ್ರ.

ಉಪವಾಸದ ಹೊತ್ತಿನಲ್ಲಿ ನೀರು, ಜೀರಿಗೆ ಕಾಯಿಸಿದ ನೀರು, ಹಾಲು ಸಕ್ಕರೆ ಇಲ್ಲದ ಕಾಫಿ ಅಥವಾ ಚಹಾ ಕುಡಿಯಬಹುದು. ಕಾಫಿ ನಾಡಿನವರಾಗಿ ಬರೀ ಡಿಕಾಕ್ಷನ್ ಕುಡಿಯುವುದೇ ಎನ್ನಬೇಡಿ. ಹೊಸದಾಗಿ ಹುರಿದ ಪುಡಿ, ಚಿಕೋರಿ ಕಡಿಮೆ, ಮೊದಲ ಡಿಕಾಕ್ಷನ್‌ಗೆ ಬಿಸಿನೀರು ಬೆರೆಸಿದರೆ ಹಾಲಿನ ನೆನಪು ಬೇಗ ಹೋಗುತ್ತದೆ. ಹಾಲಿನ ಕಾಫಿ ಬೇಕೇಬೇಕೆಂದರೆ ಊಟದ ಹೊತ್ತಿನೊಳಗೆ ಒಂದು ಲೋಟ, ಸಕ್ಕರೆ ಇಲ್ಲದೆ. ಬೆಲ್ಲವೂ ಸಕ್ಕರೆಯೇ, ಜೇನುತುಪ್ಪವೂ ಸಕ್ಕರೆಯೇ. ಎಳನೀರು, ಮಜ್ಜಿಗೆ ಒಳ್ಳೆಯವು, ಆದರೆ ಉಪವಾಸ ಮುರಿಯುತ್ತವೆ. ಏಕಾದಶಿಯ ಫಲಾಹಾರವನ್ನು ಇದರ ಜೊತೆ ಗಂಟು ಹಾಕಬೇಡಿ. ಸಾಬಕ್ಕಿ, ಅವಲಕ್ಕಿ, ಬಾಳೆಹಣ್ಣು ದೇವರಿಗೆ ಸಲ್ಲುತ್ತವೆ, ಸೊಂಟಕ್ಕೆ ಸಲ್ಲುವುದಿಲ್ಲ.

ಮೊದಲ ವಾರ ಎರಡು ಮೂರು ಕಿಲೋ ಇಳಿದರೆ ಹಿಗ್ಗಬೇಡಿ, ಅದರಲ್ಲಿ ಬಹುಪಾಲು ನೀರು. ಯಕೃತ್ತು, ಮಾಂಸಖಂಡಗಳಲ್ಲಿ ಕೂಡಿಟ್ಟ ಪಿಷ್ಟ ಗ್ರಾಂಗೆ ಮೂರು ಗ್ರಾಂನಷ್ಟು ನೀರು ಹಿಡಿದುಕೊಂಡಿರುತ್ತದೆ. ಅದು ಖರ್ಚಾದಾಗ ನೀರೂ ಹೋಗುತ್ತದೆ, ಜೊತೆಗೆ ಉಪ್ಪೂ ಹೋಗುತ್ತದೆ. ತಲೆನೋವು, ಮೀನಖಂಡದ ಸೆಳೆತ, ಎದ್ದಾಗ ಕಣ್ಣು ಕತ್ತಲೆ ಬರುವುದು ಇದರಿಂದಲೇ. ರಕ್ತದೊತ್ತಡ ಇಲ್ಲದವರು ಒಂದು ಲೋಟ ನೀರಿಗೆ ಚಿಟಿಕೆ ಉಪ್ಪು, ನಿಂಬೆರಸ ಹಾಕಿ ಕುಡಿದರೆ ಅರ್ಧ ಗಂಟೆಯಲ್ಲಿ ತಲೆ ಹಗುರಾಗುತ್ತದೆ. ರಾಗಿ ಕಡಿಮೆಯಾಗಿ ಮಲಬದ್ಧತೆ ಬಂದರೆ ಸೊಪ್ಪು, ನೀರು ಎರಡನ್ನೂ ಏರಿಸಿ. ಬೆವರು, ನಡುಕ, ಎದೆಬಡಿತ ಬಂದರೆ ಮಾತ್ರ ಉಪವಾಸದ ಹಟ ಬೇಡ: ಮೂರು ನಾಲ್ಕು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿದು, ಕಾಲು ಗಂಟೆ ನೋಡಿ, ಊಟ ಮಾಡಿ, ವೈದ್ಯರಿಗೆ ತಿಳಿಸಿ. ಆಮೇಲಿನ ವಾರಗಳಲ್ಲಿ ಅರ್ಧ ಕಿಲೋ ಇಳಿದರೆ ಬೇಕಾದಷ್ಟಾಯಿತು. ಅವಸರದಲ್ಲಿ ಇಳಿಸಿದವರಿಗೆ ಪಿತ್ತಕೋಶದಲ್ಲಿ ಕಲ್ಲು ಕಟ್ಟುವ ಸಂಭವ ಹೆಚ್ಚು.

ನನ್ನ ಮಗಳು ನರ್ಸಿಂಗ್ ಓದುತ್ತಿದ್ದಾಳೆ. ಉಪವಾಸದಲ್ಲಿ ಏನೋ ಪವಾಡವಿದೆ ಎಂದು ನಾನು ನಂಬಿಕೊಳ್ಳದಂತೆ ಎರಡು ಅಧ್ಯಯನಗಳನ್ನು ಓದಿ ಹೇಳಿದಳು. ಚೀನಾದ ಗುವಾಂಗ್‌ಝೌನಲ್ಲಿ ನಡೆದು 2022ರಲ್ಲಿ ಪ್ರಕಟವಾದದ್ದು ಒಂದು. 139 ಜನರನ್ನು ಎರಡು ಗುಂಪು ಮಾಡಿ ಇಬ್ಬರಿಗೂ ಒಂದೇ ರೀತಿ ಕ್ಯಾಲೊರಿ ಇಳಿಸಿದರು. ಒಂದು ಗುಂಪು ಮಾತ್ರ ಬೆಳಿಗ್ಗೆ ಎಂಟರಿಂದ ಸಂಜೆ ನಾಲ್ಕರೊಳಗೆ ಉಣ್ಣಬೇಕಿತ್ತು. ವರ್ಷದ ಕೊನೆಗೆ ಅವರು ಸರಾಸರಿ 8 ಕಿಲೋ ಇಳಿದರೆ ಇನ್ನೊಂದು ಗುಂಪು 6.3 ಕಿಲೋ, ಗಣನೀಯ ವ್ಯತ್ಯಾಸವಲ್ಲ ಎಂಬುದು ತೀರ್ಮಾನ. ಇನ್ನೊಂದು ಸ್ಟ್ಯಾನ್‌ಫರ್ಡ್‌ನವರದು, 2018ರದು, 609 ಜನರದು. ಪಿಷ್ಟ ಇಳಿಸಿದವರು ವರ್ಷಕ್ಕೆ 6 ಕಿಲೋ, ಕೊಬ್ಬು ಇಳಿಸಿದವರು 5.3. ಅಂದರೆ ತೂಕ ಇಳಿಯುವುದು ಒಟ್ಟು ತಿನ್ನುವುದು ಕಡಿಮೆಯಾದಾಗಲೇ. ಹಾಗಿದ್ದರೆ ಎರಡನ್ನೂ ಜೋಡಿಸುವುದೇಕೆ? ಪಿಷ್ಟ ಇಳಿಸಿ ಪ್ರೋಟೀನ್ ಏರಿಸಿದಾಗ ಹಸಿವು ಕಾಡುವುದಿಲ್ಲ. ಅಡುಗೆಮನೆಗೆ ಏಳು ಗಂಟೆಗೆ ಬೀಗ ಬಿದ್ದರೆ ಟಿ.ವಿ. ಮುಂದಿನ ತಿನಿಸು ನಿಲ್ಲುತ್ತದೆ. ಕಡಿಮೆ ತಿನ್ನುವುದನ್ನು ಸಹಿಸುವಂತೆ ಮಾಡುವ ಜೋಡಿ ಇದು. ನನಗೆ ಅಷ್ಟೇ ಬೇಕಾಗಿದ್ದುದು.

ಬೀಗರೂಟಕ್ಕೆ ಹೆದರಬೇಡಿ, ಅದು ಈ ಪಥ್ಯಕ್ಕೆ ಅನುಕೂಲದ ಊಟ. ಮಾಂಸ, ಮೊಟ್ಟೆ, ಸಾರು, ಸೌತೆಕಾಯಿ ತಿನ್ನಿ. ಮುದ್ದೆ, ಅನ್ನ, ಸಿಹಿ ಎಲೆಗೆ ಬೀಳದಂತೆ ನೋಡಿಕೊಳ್ಳಿ. ನಾನು ಡಯಟ್‌ನಲ್ಲಿದ್ದೇನೆ ಎಂದರೆ ಬಡಿಸುವವರು ಸುಮ್ಮನಾಗುವುದಿಲ್ಲ. "ಅಣ್ಣಾ, ಅನ್ನ ಬೇಡ, ಇನ್ನೆರಡು ತುಂಡು ಹಾಕಿ" ಎಂದರೆ ಸಂತೋಷದಿಂದ ಹಾಕುತ್ತಾರೆ. ಹಬ್ಬದ ಹೋಳಿಗೆಯನ್ನು ಒಂದು ತಿನ್ನಿ, ಊಟದ ಕೊನೆಯಲ್ಲಿ, ಅನ್ನವಿಲ್ಲದೆ. ಮರುದಿನ ಪ್ರಾಯಶ್ಚಿತ್ತಕ್ಕೆಂದು ಇಡೀ ದಿನ ಉಪವಾಸ ಬೀಳಬೇಡಿ. ಯಥಾಪ್ರಕಾರ ಹದಿನಾಲ್ಕು ಗಂಟೆ ಸಾಕು.

ಕೆಲವು ತಿಂಗಳ ನಂತರ ತೂಕ ನಿಂತುಬಿಡುತ್ತದೆ, ಎಲ್ಲರಿಗೂ. ಆಗ ನೋಡಬೇಕಾದದ್ದು ತುಪ್ಪ, ಕಾಯಿತುರಿ, ಕಡಲೆಕಾಯಿ ಬೀಜ. ಇವುಗಳಲ್ಲಿ ಪಿಷ್ಟ ಕಡಿಮೆ ಎಂದು ಕೈ ಸಡಿಲವಾಗಿರುತ್ತದೆ, ಆದರೆ ಒಂದು ಹಿಡಿ ಕಡಲೆಕಾಯಿ ಬೀಜದಲ್ಲಿ 170 ಕ್ಯಾಲೊರಿ ಇದೆ. ಊಟದ ನಂತರ ಕಾಲು ಗಂಟೆ ನಡೆಯಿರಿ. ವಾರಕ್ಕೆ ಮೂರು ನಾಲ್ಕು ಸಲ ಕುರ್ಚಿಯಿಂದ ಕೈಯೂರದೆ ಎದ್ದು ಕೂರುವುದನ್ನು ತೊಡೆ ನಡುಗುವವರೆಗೆ ಮಾಡಿ, ಮಾಂಸಖಂಡ ಉಳಿಯುವುದು ಹಾಗೆ.

ಶುರುವಿನಲ್ಲಿ ಮಾಡಿಸಿದ ರಕ್ತ ಪರೀಕ್ಷೆಯನ್ನು ಮೂರು ತಿಂಗಳಿಗೆ ಮತ್ತೆ ಮಾಡಿಸಿ: ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ, ಕೊಲೆಸ್ಟ್ರಾಲ್, ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್. ಪಿಷ್ಟ ಇಳಿದಾಗ ಹೆಚ್ಚಿನವರ ಟ್ರೈಗ್ಲಿಸರೈಡ್, ಅಂದರೆ ರಕ್ತದಲ್ಲಿನ ಒಂದು ಬಗೆಯ ಕೊಬ್ಬು, ಇಳಿಯುತ್ತದೆ. ಕೆಲವರಿಗೆ ಮಾತ್ರ ಕೆಟ್ಟ ಕೊಲೆಸ್ಟ್ರಾಲ್ ಎನ್ನುವ ಎಲ್‌ಡಿಎಲ್ ಏರುತ್ತದೆ. ನಿಮ್ಮದು ಏರಿದ್ದರೆ ತುಪ್ಪ, ತೆಂಗಿನಕಾಯಿ, ಕುರಿಮಾಂಸ ಇಳಿಸಿ ಆ ಜಾಗಕ್ಕೆ ಮೀನು, ಕಾಳು, ಕಡಲೆಕಾಯಿ ಎಣ್ಣೆ ತಂದುಕೊಳ್ಳಿ, ವರದಿಯನ್ನು ವೈದ್ಯರಿಗೆ ತೋರಿಸಿ, ಇನ್ನು ಮೂರು ತಿಂಗಳಿಗೆ ಮತ್ತೊಮ್ಮೆ ನೋಡಿ.